ಬರಲೊಲ್ಲದ ಬೇರಿಂಗ್

ಪಿಕಪ್ಪಿನ ಅಡಿಯಿಂದ ವರ್ಜಿಲ್‌ನ ಎರಡು ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವನ್ನೇ ನೋಡುತ್ತ ಇಡೀ ಮಧ್ಯಾಹ್ನ ಕಳೆಯಬಲ್ಲೆ ಎಂದು ನೊರೀನ್‌ಗೆ ಅನ್ನಿಸಿತು. ತನ್ನ ಮೇಲೆ ತನಗೇ ನಗು ಬಂತು. ನಲವತ್ತು ದಾಟಿದ ಹೆಂಗಸು ಗಂಡಸಿನ ಬೂಟಿಗೆ ಮರುಳಾಗುವುದೆಂದರೆ!

"ಬಂತಾ?" ಎಂದು ಬಗ್ಗಿ ಕೇಳಿದಳು.

"ಎಲ್ಲಿ ಬರುತ್ತೆ? ಹಠ ಹಿಡಿದು ಕೂತಿದೆ."

"ಇನ್ಯಾರದೋ ಗುಣ ಅದಕ್ಕೂ ಬಂದಿರ್ಬೇಕು."

"ಯಾರದು?"

"ಕನ್ನಡಿ ಕೊಡ್ಲಾ?"

ವರ್ಜಿಲ್ ಚಕ್ರದ ಹಲಗೆಯ ಮೇಲೆ ಜಾರಿಕೊಂಡು ಹೊರಬಂದ. ಮಲಗಿದ್ದಲ್ಲಿಂದಲೇ ಅವಳನ್ನು ನೋಡಿದ. ಬೇಕಿದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ. ಆಮೇಲೆ ಅವನ ಕಣ್ಣು ಸ್ಪ್ಯಾನರ್ ಹುಡುಕುವ ನೆಪದಲ್ಲಿ ನೆಲಕ್ಕಿಳಿಯಿತು. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಮಿಶಿಗನ್ನಿನ ಉತ್ತರದ ಆ ಊರಿನಲ್ಲಿ ಶನಿವಾರವೆಂದರೆ ಗಂಡಸರು ಒಬ್ಬರ ಗಾಡಿಯಡಿ ಇನ್ನೊಬ್ಬರು ನುಸುಳುವ ದಿನ. ಯಾರೂ ಕೂಲಿ ಕೇಳುವುದಿಲ್ಲ. ಮಧ್ಯಾಹ್ನದ ಊಟ ಮಾತ್ರ ಗಾಡಿಯವರದ್ದು. ಅದಕ್ಕೇ ನೊರೀನ್ ಬೆಂಚಿನ ಮೇಲೆ ಬ್ರೆಡ್ ಹರಡಿಕೊಂಡು, ಹ್ಯಾಮ್ ಮಾಂಸದ ಹೋಳಿಟ್ಟು, ಸಾಸಿವೆ ಗೊಜ್ಜು ಸವರುತ್ತಿದ್ದಳು.

ತಿಂಗಳಿಂದ ಅವಳ ಪಿಕಪ್ಪಿನ ಗೇರ್‌ಬಾಕ್ಸ್ ಊಳಿಡುತ್ತಿತ್ತು. ನಿನ್ನೆ ಅದನ್ನು ಇಳಿಸಿ, ಕ್ಲಚ್ಚನ್ನೂ ಬಿಚ್ಚಿ, ರಟ್ಟಿನ ಮೇಲೆ ಮಲಗಿಸಿದ್ದರು. ಈಗ ಎಲ್ಲ ಬಂದು ನಿಂತದ್ದು ಒಂದು ಉಂಗುರದಷ್ಟು ಬೇರಿಂಗಿನ ಮೇಲೆ. ಇಂಜಿನ್ನಿನ ತುದಿಯ ತೂತಿನಲ್ಲಿ ಕೂತು ಗೇರ್‌ಬಾಕ್ಸಿನ ದಂಡದ ಮೂತಿಯನ್ನು ಹಿಡಿದುಕೊಳ್ಳುವುದು ಅದರ ಕೆಲಸ. ಸವೆದು ಹೋಗಿತ್ತು. ಆ ತೂತಿಗೆ ಹಿಂಬದಿ ದಾರಿಯಿಲ್ಲವಾದ್ದರಿಂದ ಮುಂದಿನಿಂದಲೇ ಎಳೆಯಬೇಕು. ಬೆಳಿಗ್ಗೆಯಿಂದ ಬೇರಿಂಗ್ ಎಳೆಯುವ ಪುಲ್ಲರಿನ ಕೊಕ್ಕೆ ಜಾರುತ್ತಲೇ ಇತ್ತು.

"ದೊಡ್ಡ ಪುಲ್ಲರ್ ತರಿಸ್ಬೇಕು. ಬರೋದು ಬುಧವಾರ," ಎಂದ ವರ್ಜಿಲ್.

"ಸೋಮವಾರ ನಾನು ಡುಲುತ್‌ನಲ್ಲಿ ಹೊಸ ಕೆಲಸಕ್ಕೆ ಹಾಜರಾಗ್ಬೇಕು. ಬುಧವಾರ ಹೋದ್ರೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸ್ತಾರೆ."

"ಡುಲುತ್‌ನಲ್ಲಿ ಚಳಿ ಜಾಸ್ತಿ."

"ಇಲ್ಲೇನು ಬಿಸಿಲು ಸುರೀತಿದ್ಯಾ?"

ಅವನು ನಕ್ಕ. ಅವಳೂ ನಕ್ಕಳು. ನಗುತ್ತಲೇ ಮನಸ್ಸಿನಲ್ಲಿ ಬೇಡಿಕೊಂಡಳು: ಹೇಳೋ ಮಾರಾಯ, ಇನ್ನಾದರೂ ಹೇಳು. 'ಇರು' ಎನ್ನು, ಸಾಕು. ಈ ಗಳಿಗೆಯೇ ಡುಲುತ್‌ಗೆ ಫೋನ್ ಮಾಡಿ ಬರೋದಿಲ್ಲ ಅಂತೀನಿ. ಕೊಕ್ಕೆ ಜಾರಿದಾಗಲೆಲ್ಲ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಬೇಕಿದ್ದ ಕೆಲಸವೇ ಕೈತಪ್ಪುತ್ತಿದ್ದರೂ ಖುಷಿ! ಪ್ರೀತಿ ಎಂಥ ಬುದ್ಧಿಗೆಟ್ಟ ವ್ಯವಹಾರ ನೋಡಿ.

ಅಷ್ಟರಲ್ಲಿ ಪಕ್ಕದ ಮನೆಯಿಂದ ವರ್ಜಿಲ್‌ನ ಚಿಕ್ಕಮ್ಮ ಓಪಲ್ ಕೋಲೂರಿಕೊಂಡು ಬಂದಳು. ಇಬ್ಬರನ್ನೂ ನೋಡಿದಳು, ಬೆಂಚನ್ನು ನೋಡಿದಳು.

"ಏನ್ರೋ, ಇನ್ನೂ ಅದೇ ಬೇರಿಂಗಾ? ಕೈಯಳತೇಲಿ ಬ್ರೆಡ್ ಇಟ್ಕೊಂಡು ಒದ್ದಾಡ್ತಿದ್ದೀರಲ್ಲ!"

"ಬ್ರೆಡ್ಡಾ?" ಎಂದಳು ನೊರೀನ್.

"ಹೂಂ ಕಣೇ. ಹೋದ ಬೇಸಿಗೇಲಿ ನನ್ನ ಕಾರಿಂದೂ ಹೀಗೇ ಸಿಕ್ಕಾಕ್ಕೊಂಡಿತ್ತು. ಈ ಪುಣ್ಯಾತ್ಮ ನನ್ನ ಬ್ರೆಡ್ಡನ್ನೆಲ್ಲ ಒದ್ದೆ ಮಾಡಿ ಆ ತೂತಿಗೆ ತುರುಕಿ, ಮೇಲೆ ಕಂಬಿ ಇಟ್ಟು ಸುತ್ತಿಗೇಲಿ ಬಡಿದ. ಒಳಗೆ ಜಾಗ ಸಾಲ್ದೆ ಬ್ರೆಡ್ಡೇ ಹಿಂದಿಂದ ತಳ್ತು ನೋಡು, ಟಪ್ ಅಂತ ಹೊರಗೆ! ಕಾಫಿ ಆರೋದ್ರೊಳಗೆ ಮುಗೀತು. ಬ್ರೆಡ್ ಹಾಳ್ಮಾಡಿದ್ದಕ್ಕೆ ಚೆನ್ನಾಗಿ ಬೈದೆ. ಇವನಿಗೆ ನೆನಪಿಲ್ವಾ?"

ವರ್ಜಿಲ್ ಕೈಯಲ್ಲಿದ್ದ ಸ್ಪ್ಯಾನರನ್ನು ಅಂಗಿಗೆ ಒರೆಸತೊಡಗಿದ. ಓಪಲ್ ಒಮ್ಮೆ ಇವನನ್ನು, ಒಮ್ಮೆ ಇವಳನ್ನು ನೋಡಿ, "ನಾನು ಬಾಯಿ ಬಿಡಬಾರ್ದಿತ್ತೇನೋ," ಎಂದು ಒಂದು ಸ್ಯಾಂಡ್‌ವಿಚ್ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು.

"ನೆನಪಿತ್ತಾ?" ಎಂದಳು ನೊರೀನ್.

"ಇತ್ತು."

"ಮತ್ತೆ ಬೆಳಿಗ್ಗೆಯಿಂದ?"

ವರ್ಜಿಲ್ ಎದ್ದು ನಿಂತ. ಅವನ ಮುಖ ಕೆಂಪೇರಿತ್ತು. "ನೀನು ಹೋಗೋದು ನಂಗಿಷ್ಟ ಇಲ್ಲ, ನೊರೀನ್. ನೀನಂದ್ರೆ ನಂಗೆ ಪ್ರಾಣ. ಹೇಳೋಕೆ ಬಾಯೇ ಬರ್ಲಿಲ್ಲ. ಬುಧವಾರದವರೆಗಾದ್ರೂ ಇರ್ತೀಯಲ್ಲ ಅಂತ..."

ಎಷ್ಟು ಕಾಲದಿಂದ ಕಾದಿದ್ದ ಮಾತು! ಅವಳ ಮೈಯೆಲ್ಲ ಬೆಚ್ಚಗಾಯಿತು. ಎರಡು ಹೆಜ್ಜೆ ಹೋದರೆ ಅವನ ತೋಳು. ಅವಳು ಒಂದು ಹೆಜ್ಜೆ ಇಟ್ಟಳು ಕೂಡ.

ಅಲ್ಲಿಗೇ ನಿಂತಳು. ಹಳೆಯ ಗಂಡ ಲೈಲ್ ಕಣ್ಣ ಮುಂದೆ ಬಂದಿದ್ದ. ಅವಳು ಪೆಟ್ಟಿಗೆ ಕಟ್ಟಿದಾಗಲೆಲ್ಲ ಲೈಲ್ ಇಂಜಿನ್ನಿನಿಂದ ಒಂದು ತಂತಿ ಕಿತ್ತು ಜೇಬಿಗಿಟ್ಟುಕೊಳ್ಳುತ್ತಿದ್ದ. ಗಾಡಿ ಎಷ್ಟು ತಿರುಗಿಸಿದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಅವನು ಬಾಗಿಲಿಗೆ ಒರಗಿ ನಿಂತು, ನೋಡು, ಗಾಡಿಗೂ ನೀನು ಹೋಗೋದು ಇಷ್ಟವಿಲ್ಲ ಎಂದು ನಗುತ್ತಿದ್ದ. ಇದನ್ನೆಲ್ಲ ಅವಳು ಜಗತ್ತಿನಲ್ಲಿ ಒಬ್ಬನಿಗೇ ಹೇಳಿಕೊಂಡಿದ್ದಳು. ಆ ಒಬ್ಬ ಎದುರಿಗೇ ನಿಂತಿದ್ದ.

"ತಂತಿ ವಿಷಯ ನಿಂಗೆ ಹೇಳಿದ್ದೆ, ವರ್ಜಿಲ್."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖದ ಕೆಂಪೆಲ್ಲ ಇಳಿದುಹೋಯಿತು.

"ಅಯ್ಯೋ, ನಾನು ಅವನ ಥರ ಅಲ್ಲ. ನಾನು ಪ್ರೀತಿಯಿಂದ..."

"ಅವನೂ ಹಾಗೇ ಹೇಳ್ತಿದ್ದ."

ಅವಳು ಸ್ಯಾಂಡ್‌ವಿಚ್‌ಗಳ ಹ್ಯಾಮ್ ಕಿತ್ತೆಸೆದು, ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಹಿಸುಕಿ, ಗಾಡಿಯಡಿಗೆ ತಾನೇ ನುಸುಳಿದಳು. ತುರುಕಿದಳು, ಬಡಿದಳು, ಮತ್ತೆ ತುರುಕಿದಳು. ಮಣಿಕಟ್ಟಿನವರೆಗೆ ಕಂದು ಹಿಟ್ಟು ಇಳಿಯಿತು. ಒಂದು ಏಟಿಗೆ ಬೇರಿಂಗ್ ಕದಲಿತು, ಮತ್ತೊಂದಕ್ಕೆ ಅಂಗೈಗೆ ಬಿತ್ತು. ಇಷ್ಟು ಸುಲಭವಾ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಯಾರಿಗೂ ಕಾಣದ ಆ ಜಾಗದಲ್ಲಿ ಮನಸಾರೆ ಅತ್ತಳು.

ಹೊಸ ಬೇರಿಂಗ್ ಕೂರಿಸಿ, ಕ್ಲಚ್ ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಉಳಿದದ್ದು ಗೇರ್‌ಬಾಕ್ಸ್. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬೇರೆ ದಾರಿಯಿಲ್ಲದೆ ಇಬ್ಬರೂ ಗಾಡಿಯಡಿ ಅಕ್ಕಪಕ್ಕ ಮಲಗಿದರು. ಅವನು ಆ ಭಾರವನ್ನು ಎದೆಯ ಮೇಲೆಳೆದುಕೊಂಡು ಮೇಲಕ್ಕೆತ್ತಿದ. ಅವಳು ದಂಡದ ಮೂತಿಯನ್ನು ತೂತಿಗೆ ತೋರಿಸುತ್ತಿದ್ದಳು. ಭುಜಕ್ಕೆ ಭುಜ ತಾಗುತ್ತಿತ್ತು.

"ಸ್ವಲ್ಪ ಎಡಕ್ಕೆ," ಎಂದಳು.

"ಇಷ್ಟಾ?"

"ಇನ್ನೂ ಚೂರು."

ಅವನು ಭಾರವನ್ನು ಇನ್ನೂ ಚೂರು ಸರಿಸಿದ. "ಬೆಳಿಗ್ಗೆನೇ ಕೇಳಿದ್ರೆ ಇರ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ಇವತ್ತಿಗೆ ಸುಳ್ಳು ಸಾಕಾಗಿತ್ತು.

"ಇರ್ತಿದ್ದೆ," ಎಂದಳು.

ದಂಡ ನುಣ್ಣಗೆ ಒಳಗೆ ಸರಿಯಿತು. ವರ್ಜಿಲ್ ಒಂದು ಕೈಯಲ್ಲಿ ಭಾರ ತಡೆದು, ಇನ್ನೊಂದನ್ನು ಅವಳತ್ತ ಚಾಚಿದ.

"ಬೋಲ್ಟ್ ಕೊಡು," ಎಂದ.

ಅವಳು ಒಂದೊಂದಾಗಿ ಕೊಟ್ಟಳು. ಅವನು ಒಂದೊಂದನ್ನೂ ಬಿಗಿ ಮಾಡಿ, ಬಿಟ್ಟು, ಮತ್ತೆ ಮುಟ್ಟಿ ನೋಡಿ ಇನ್ನಷ್ಟು ಬಿಗಿದ. ಡುಲುತ್‌ವರೆಗೂ ಅವಳ ಗಾಡಿ ಎಲ್ಲೂ ನಿಲ್ಲಬಾರದು.