ತಿದ್ದಿದ ಕಣ್ಣು

"ಮುಖ ಹೊಂದುತ್ತಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ."

ಫೋನಿನ ಪರದೆಯ ಮೇಲೆ ಆ ಸಾಲು ಐದನೆಯ ಸಲ ಮೂಡಿತು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಸೊಸೆ ಮುಖದ ಬೆವರು ಒರೆಸಿಕೊಂಡಳು. ಮೇಜಿನ ಮೇಲಿನ ದೀಪವನ್ನು ಹತ್ತಿರಕ್ಕೆ ಎಳೆದು, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಮತ್ತೆ ಫೋನನ್ನು ಎದುರಿಗೆ ಹಿಡಿದಳು. ಹಸಿರು ಗೆರೆಯೊಂದು ಮುಖದ ಸುತ್ತ ಒಂದು ಸುತ್ತು ಬಂದು ಕೆಂಪಾಯಿತು.

ಆರನೆಯ ಸಲ...

"ಅರೆಗಣ್ಣೀ! ಬಾಗಿಲು ಹಾಕ್ಕೊಂಡು ಏನ್ ಮಾಡ್ತಿದೀಯ ಒಳಗೆ? ಇಲ್ಲಿ ಹನ್ನೆರಡು ಜನ ನಿಂತಿದಾರೆ!" ಅತ್ತೆ ಹೊರಗಿನಿಂದ ಬಾಗಿಲು ಬಡಿದಳು.

"ಬಂದೆ ಅತ್ತೆ... ಪ್ರಿಂಟರಲ್ಲಿ ಕಾಗದ ಸಿಕ್ಕಿಹಾಕ್ಕೊಂಡಿತ್ತು."

"ನಿನ್ನ ಕೈಗೆ ಸಿಕ್ಕಿದ್ದೆಲ್ಲ ಸಿಕ್ಕಿಹಾಕ್ಕೊಳ್ಳುತ್ತೆ! ಬೇಗ ಬಾ!"

ಹೊರಗೆ ಹನ್ನೆರಡಲ್ಲ, ಇಪ್ಪತ್ತು ಜನರಿದ್ದರು. ಸಾಲು ಅಂಗಡಿಯ ಮೆಟ್ಟಿಲು ಇಳಿದು ಪಕ್ಕದ ಬೀಗದಂಗಡಿಯ ತನಕ ಹೋಗಿತ್ತು. ಒಂದು ತಿಂಗಳ ಹಿಂದೆ ಇದೇ ಸ್ಟುಡಿಯೋದಲ್ಲಿ ಇಡೀ ದಿನ ಕೂತರೂ ಇಬ್ಬರು ಬರುತ್ತಿರಲಿಲ್ಲ. ಎಲ್ಲರ ಜೇಬಿನಲ್ಲೂ ಕ್ಯಾಮರಾ ಇರುವಾಗ ಸ್ಟುಡಿಯೋ ಯಾರಿಗೆ ಬೇಕು? ಆದರೆ ಸರ್ಕಾರ ಕ್ರಿಪ್ಟೋ ನಾಣ್ಯ ಕೊಳ್ಳುವುದನ್ನೂ ಮಾರುವುದನ್ನೂ ನಿಲ್ಲಿಸಿತು. ಇಟ್ಟುಕೊಂಡವರು ಮೂವತ್ತನೇ ತಾರೀಖಿನ ಒಳಗೆ ಘೋಷಿಸಬೇಕು, ಘೋಷಿಸಿದವರಿಗೆ ಅದರ ಬೆಲೆ ಬ್ಯಾಂಕಿಗೆ ಬರುತ್ತದೆ, ಆಮೇಲೆ ಉಳಿದದ್ದು ಸೊನ್ನೆ ಎಂದಿತು. ಅರ್ಜಿಗೆ ನಾಲ್ಕು ಫೋಟೋ ಕೇಳಿತು. ಬಿಳಿ ಹಿನ್ನೆಲೆ ಇರಬೇಕು, ಎರಡೂ ಕಿವಿ ಕಾಣಬೇಕು, ನಗಬಾರದು, ತಿದ್ದಬಾರದು. ಅಷ್ಟೇ! ಮುಚ್ಚುವ ಹಂತಕ್ಕೆ ಬಂದಿದ್ದ ಅಂಗಡಿಗೆ ಜೀವ ಬಂತು. ಕ್ಷೌರಿಕ ಬಂದ, ಲೆಕ್ಕದ ಮೇಷ್ಟ್ರು ಬಂದರು, ಬಸ್ಸಿನ ಕಂಡಕ್ಟರ್ ಸಮವಸ್ತ್ರದಲ್ಲೇ ಬಂದ. ಒಬ್ಬರನ್ನೊಬ್ಬರು ನೋಡಿ, ಮೊದಲು ನಾಚಿ, ಆಮೇಲೆ ಒಟ್ಟಿಗೆ ಸರ್ಕಾರವನ್ನು ಬೈದರು.

"ಸ್ವಲ್ಪ ನಗಬಹುದಾ?" ಸ್ಟೂಲಿನ ಮೇಲೆ ಕೂತ ಮೇಷ್ಟ್ರು ಕೇಳಿದರು.

"ನಗಬಾರದು ಅಂತ ಬರೆದಿದಾರೆ ಸಾರ್," ಕ್ಯಾಮರಾ ಹಿಡಿದಿದ್ದ ಮೈದುನ ಅಂದ.

"ಬರೀದೇ ಇದ್ರೂ ನಗು ಬರ್ತಿರಲಿಲ್ಲ ಬಿಡಪ್ಪ. ಮನೇಲಿ ಅವಳಿಗೆ ಇವತ್ತು ತಾನೇ ಗೊತ್ತಾಗಿದ್ದು."

ಗಲ್ಲಾದ ಹಿಂದೆ ಕೂತಿದ್ದ ಅತ್ತೆ ಬಾಯಿತುಂಬ ನಕ್ಕಳು. ಅವಳಿಗೆ ಈ ಕಾನೂನು ಎರಡು ವರ ಕೊಟ್ಟಿತ್ತು. ಒಂದು ಅಂಗಡಿ. ಇನ್ನೊಂದು ಮಗ. ಎರಡು ವರ್ಷ ಮಹಡಿಯ ಕೋಣೆಯಲ್ಲಿ ಕೆಂಪು ಕಣ್ಣು ಮಾಡಿಕೊಂಡು ಫೋನು ನೋಡುತ್ತ, ಬೆಲೆ ಬಿದ್ದಾಗ ತಟ್ಟೆ ಎಸೆಯುತ್ತ, ಸತ್ತ ಅಣ್ಣನ ಒಳ್ಳೆಯ ಲೆನ್ಸನ್ನೂ ಮಾರಿಕೊಂಡಿದ್ದ ಕಿರಿಯ ಮಗ, ನಿಷೇಧ ಬಂದ ದಿನ ತಲೆ ಹಿಡಿದು ಕೂತ. ಎರಡು ದಿನ ಸತ್ತವನಂತೆ ಮಲಗಿದ. ಮೂರನೆಯ ದಿನ ಗಡ್ಡ ಬೋಳಿಸಿ ಕೆಳಗಿಳಿದು ಬಂದು ಕ್ಯಾಮರಾ ಎತ್ತಿಕೊಂಡ. ಅವತ್ತು ಅತ್ತೆ ಗಲ್ಲಾದ ಮೇಲೆ ತಲೆಯಿಟ್ಟು ಅತ್ತಿದ್ದಳು. "ಈ ಸರ್ಕಾರ ನೂರು ವರ್ಷ ಬಾಳಲಿ. ನನ್ನ ಮಗನ್ನ ನಂಗೆ ವಾಪಸ್ ಕೊಡ್ತು!"

ಸೊಸೆಯೂ ಆ ದಿನ ಅತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ಗಂಡ ಸತ್ತು ಮೂರು ವರ್ಷವಾಗಿತ್ತು. ಅವನಿದ್ದಾಗ ಅವಳು ಅವನ ಪಕ್ಕ ಕೂತು ಫೋಟೋ ತಿದ್ದುವ ಕೆಲಸ ಕಲಿತಳು. ಅವನು ಹೋದ ಮೇಲೆ ಆ ಕುರ್ಚಿಯಿಂದ ಏಳಲು ಬಿಡುವವರಿರಲಿಲ್ಲ. ಸಂಬಳವಿಲ್ಲ. "ಮನೆಯವಳಿಗೆ ಸಂಬಳ ಯಾರಾದ್ರೂ ಕೊಡ್ತಾರಾ?" ಎನ್ನುವುದು ಅತ್ತೆಯ ಮಾತು. ಬ್ಯಾಂಕಿನ ಪಾಸ್‌ಬುಕ್ ಅತ್ತೆಯ ಬೀರುವಿನಲ್ಲಿ. ಮಗಳಿಗೆ ಒಂದು ಪೆನ್ಸಿಲ್ ಬೇಕೆಂದರೂ ಗಲ್ಲಾದ ಎದುರು ನಿಂತು ಕೇಳಬೇಕು. ಹಾಗಿರುವಾಗ, ದೂರದ ದೇಶಗಳ ಯಾರ‍್ಯಾರೋ ಹರಿದ, ಗೆದ್ದಲು ತಿಂದ ಹಳೆಯ ಫೋಟೋಗಳನ್ನು ಕಳಿಸಿ ಸರಿಮಾಡಿಸಿಕೊಳ್ಳುತ್ತಾರೆ ಎಂದು ತಿಳಿದು, ಸ್ಟುಡಿಯೋದ ಕೆಲಸದ ನಡುವೆಯೇ ಅದನ್ನು ಹಿಡಿದಳು. ಗುರುತಿಲ್ಲದ ಸತ್ತವರ ಕೆನ್ನೆಯ ಮೇಲಿನ ಬೂಷ್ಟು ತೆಗೆದಳು, ಮುರಿದ ಮೂಗು ಜೋಡಿಸಿದಳು. ಹಣ ಬ್ಯಾಂಕಿಗೆ ಬಂದರೆ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಆಗ ದಾರಿ ತೋರಿಸಿದವನು ಇದೇ ಮೈದುನ. "ಕ್ರಿಪ್ಟೋದಲ್ಲಿ ಇಸ್ಕೊಳ್ಳಿ ಅತ್ತಿಗೆ. ಅಮ್ಮನ ಕೀಲಿಕೈ ತಾಗದ ಪೆಟ್ಟಿಗೆ ಅದು," ಎಂದು ನಗುತ್ತ ಅವಳ ಫೋನಿನಲ್ಲಿ ಖಾತೆ ತೆರೆದುಕೊಟ್ಟಿದ್ದ.

ಎರಡು ವರ್ಷ ಅದನ್ನು ಅವಳು ಮುಟ್ಟಲಿಲ್ಲ. ಔಷಧಿ ಅಂಗಡಿಯ ಮೇಲೆ ಒಂದೂವರೆ ಕೋಣೆಯ ಮನೆಯೊಂದಿತ್ತು, ಬೀದಿಗೆ ತೆರೆಯುವ ಕಿಟಕಿಯಿತ್ತು. ಅಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ತಾನು ಮತ್ತು ಏಳು ವರ್ಷದ ಮಗಳು, ಅಷ್ಟೇ ಅವಳ ಆಸೆ. ಮನೆಯ ಒಡತಿ, ನಿವೃತ್ತ ನರ್ಸಮ್ಮ, "ತಿಂಗಳ ಕೊನೆ ತನಕ ಬೇರೆಯವರಿಗೆ ಕೊಡಲ್ಲ, ಅಡ್ವಾನ್ಸ್ ತಂದುಬಿಡಮ್ಮ" ಎಂದಿದ್ದಳು. ಘೋಷಿಸಿದರೆ ಸಾಕಿತ್ತು; ದುಡ್ಡು ಬ್ಯಾಂಕಿಗೆ ಬಂದದ್ದು ಪಾಸ್‌ಬುಕ್ಕಿನಲ್ಲಿ ಕಾಣುವಷ್ಟರಲ್ಲಿ ಮನೆ ಬಿಟ್ಟಿರುತ್ತಿದ್ದಳು. ಆದರೆ ಫೋನು ಕೇಳುವ ಹಾಗೆ ಮುಖ ಗುರುತಿನ ಚೀಟಿಯ ಫೋಟೋಗೆ ಹೊಂದುತ್ತಿಲ್ಲ!

ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಇಳಿಸಿದಾಗ ಅವಳು ಮೈದುನನಿಗೆ ಫೋನು ತೋರಿಸಿದಳು. ಅವನು ಗುರುತಿನ ಚೀಟಿಯನ್ನೂ ಅವಳ ಮುಖವನ್ನೂ ಎರಡೆರಡು ಸಲ ನೋಡಿದ.

"ಈ ಫೋಟೋ ಯಾರು ತೆಗೆದಿದ್ದು ಅತ್ತಿಗೆ?"

"ನಿಮ್ಮಣ್ಣ. ಮದುವೆಯಾದ ವಾರ."

"ಎಡಗಣ್ಣು ನೋಡಿ. ಇದು ನಿಮ್ಮ ಎಡಗಣ್ಣಲ್ಲ. ಬಲಗಣ್ಣನ್ನೇ ತಿರುಗಿಸಿ ಈ ಕಡೆ ಕೂರಿಸಿದಾನೆ. ದವಡೆನೂ ಸ್ವಲ್ಪ ಸಣ್ಣ ಮಾಡಿದಾನೆ."

ಅವಳಿಗೆ ನೆನಪಾಯಿತು. ಹುಟ್ಟಿನಿಂದ ಜೋತುಬಿದ್ದ ಎಡರೆಪ್ಪೆ. ಅತ್ತೆ ಮೊದಲ ದಿನವೇ ಅರೆಗಣ್ಣಿ ಎಂದು ಹೆಸರಿಟ್ಟು ಅವಳು ಅಳುತ್ತ ಕೂತಿದ್ದಾಗ, ಗಂಡ ಈ ಕುರ್ಚಿಯಲ್ಲೇ ಕೂತು, ಒಂದು ಗಂಟೆ ಯಾರನ್ನೂ ಹತ್ತಿರ ಬಿಡದೆ ಏನೋ ಮಾಡಿ, ಪರದೆಯನ್ನು ಅವಳ ಕಡೆ ತಿರುಗಿಸಿದ್ದ. "ನೋಡು, ಇನ್ನು ಯಾವ ಕಚೇರೀಲೂ ನಿನ್ನ ಯಾರೂ ಹಾಗೆ ಕರೆಯಲ್ಲ." ಆ ಮುಖವನ್ನೇ ಚೀಟಿಗೆ ಕೊಟ್ಟಿದ್ದ. ಹತ್ತು ವರ್ಷದಲ್ಲಿ ಯಾವ ಗುಮಾಸ್ತನೂ ಗಮನಿಸಿರಲಿಲ್ಲ. ಯಂತ್ರ ಗಮನಿಸಿತು!

"ಹೊಸ ಚೀಟಿ ಮಾಡಿಸಿದ್ರೆ?"

"ಎರಡು ತಿಂಗಳು ಬೇಕು. ಕೊನೆ ದಿನಕ್ಕೆ ಉಳಿದಿರೋದು ಮೂರೇ ದಿನ." ಮೈದುನ ನಿಯಮದ ಕಾಗದ ತಿರುವಿದ. "ಒಂದು ದಾರಿ ಇದೆ. ಮನೆಯ ಯಜಮಾನರು ವಾರ್ಡ್ ಕಚೇರಿಗೆ ಬಂದು, ಇವಳು ಇವಳೇ ಅಂತ ಸಹಿ ಹಾಕಬೇಕು. ದುಡ್ಡು ಅವರ ಖಾತೆಗೆ ಬರುತ್ತೆ."

"ಯಜಮಾನರು ಅಂದ್ರೆ... ನೀನು ಹಾಕಪ್ಪ."

"ಮನೆ ಇರೋದು ಅಮ್ಮನ ಹೆಸರಲ್ಲಿ. ನೀವೇ ಅಮ್ಮನ ಹತ್ರ ಹೇಳಿಬಿಡಿ ಅತ್ತಿಗೆ. ಇನ್ನು ಅವಳಿಂದ ಏನೂ ಮುಚ್ಚಿಡಲ್ಲ ಅಂತ ಮಾತು ಕೊಟ್ಟಿದೀನಿ."

ಅವಳು ಅವನ ನುಣ್ಣಗೆ ಬೋಳಿಸಿದ ಮುಖವನ್ನೇ ನೋಡಿದಳು. ಕೆಟ್ಟವನಾಗಿದ್ದಾಗ ತನ್ನ ಪರವಾಗಿದ್ದ. ಈಗ ಒಳ್ಳೆಯವನಾಗಿಬಿಟ್ಟಿದ್ದಾನೆ.

ಬೇರೆ ದಾರಿಯಿರಲಿಲ್ಲ. ಗಲ್ಲಾದ ಎದುರು ನಿಂತು, ಪೆನ್ಸಿಲಿಗೆ ಕೇಳುವ ಹಾಗೆಯೇ ಕೈ ಕಟ್ಟಿಕೊಂಡು, ದುಡ್ಡಿನ ವಿಷಯ ಹೇಳಿದಳು. ಮೊದಲು ಅತ್ತೆಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೂತಲ್ಲಿಂದ ಎದ್ದಳು.

"ನನ್ನ ಕರೆಂಟು, ನನ್ನ ಕಂಪ್ಯೂಟರು, ನನ್ನ ಸೂರು! ನನ್ನ ಮೂಗಿನ ಕೆಳಗೆ ಕೂತು ಎರಡು ವರ್ಷ ಗಂಟು ಕಟ್ಟಿದೀಯಾ? ನನ್ನ ಮಗನ್ನ ಹಾಳು ಮಾಡಿದ್ದೂ ಅದೇ ಕಾಣದ ದುಡ್ಡು... ನೀನೂ ಅದನ್ನೇ ಬಚ್ಚಿಟ್ಟಿದ್ಯಾ?"

"ನಾನು ಜೂಜಾಡಲಿಲ್ಲ ಅತ್ತೆ. ದುಡಿದೆ."

"ಯಾಕೆ? ಇಲ್ಲಿ ಊಟಕ್ಕೆ ಕಮ್ಮಿಯಾಗಿತ್ತಾ?"

"ಇಲ್ಲ."

"ಮತ್ತೆ?"

"ಹೋಗ್ಬೇಕಿತ್ತು... ಔಷಧಿ ಅಂಗಡಿ ಮೇಲಿನ ಮನೆಗೆ, ನಾನೂ ಮಗಳೂ."

ಹೊರಗೆ ಮೆಟ್ಟಿಲ ಮೇಲೆ ಮೊಮ್ಮಗಳು ಹಾಳಾದ ಫೋಟೋಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದಳು. ಅತ್ತೆ ಅವಳನ್ನೇ ನೋಡುತ್ತ ಮೆಲ್ಲಗೆ ಕೂತಳು.

"ಸಹಿ ಹಾಕ್ತೀನಿ," ಕೊನೆಗೆ ಅತ್ತೆ ಅಂದಳು.

"ಅತ್ತೆ...!"

"ಪೂರ್ತಿ ಕೇಳು. ದುಡ್ಡು ಬಂದ ದಿನ ಎಲ್ಲಾ ನಿನ್ನ ಕೈಗೆ ಇಡ್ತೀನಿ. ಒಂದು ಪೈಸೆ ಮುಟ್ಟಲ್ಲ. ನೀನು ಎಲ್ಲಿಗಾದ್ರೂ ಹೋಗು. ಆದ್ರೆ ಹೋಗೋದು ನೀನೊಬ್ಬಳೇ. ಮಗು ಇಲ್ಲೇ ಇರುತ್ತೆ. ಅದನ್ನ ಬರೆದುಕೊಟ್ಟು ಹೋಗಬೇಕು."

"ಅವಳು ನನ್ನ ಮಗಳು ಅತ್ತೆ!"

"ಅವನು ನನ್ನ ಮಗ ಆಗಿರಲಿಲ್ವಾ?" ಅತ್ತೆ ಮೊಮ್ಮಗಳ ಕಡೆ ಕೈ ತೋರಿಸಿದಳು. "ಅವಳು ತಲೆ ಎತ್ತಿ ನೋಡಿದ್ರೆ ಅವನೇ ನೋಡಿದ ಹಾಗಿರುತ್ತೆ. ಅದನ್ನೂ ಔಷಧಿ ಅಂಗಡಿ ಮೇಲೆ ತಗೊಂಡು ಹೋಗ್ತೀನಿ ಅಂತೀಯಲ್ಲ... ನಾನೇನು ಕಲ್ಲಾ?"

ಕಲ್ಲೇ ಆಗಿದ್ದರೆ ಸೊಸೆಗೆ ಸುಲಭವಾಗಿರುತ್ತಿತ್ತು.

ಮೂರು ದಿನ ಅವಳು ಇಪ್ಪತ್ತು, ಮೂವತ್ತು, ನಲವತ್ತು ಮುಖಗಳನ್ನು ಅಳತೆಗೆ ಕತ್ತರಿಸಿ ಪ್ರಿಂಟ್ ತೆಗೆದಳು. ಇವರೆಲ್ಲರ ಮುಖವೂ ಇವರಿಗೆ ಹೊಂದುತ್ತಿತ್ತು. ಕಂಡಕ್ಟರಿಗೆ, ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕನಿಗೆ, ಎಲ್ಲರಿಗೂ. ಮಗಳನ್ನು ಬಿಟ್ಟು ಹೋಗಿ, ಕಾಲೂರಿ, ಆಮೇಲೆ ಕರೆಸಿಕೊಳ್ಳಬಹುದು ಎಂದು ಒಮ್ಮೆ ಅನ್ನಿಸಿತು. ದುಡ್ಡಿದ್ದರೆ ವಕೀಲರೂ ಸಿಗುತ್ತಾರೆ. ಮರುಗಳಿಗೆ, ಗಲ್ಲಾದ ಎದುರು ಪೆನ್ಸಿಲಿಗಾಗಿ ಒಬ್ಬಳೇ ನಿಂತ ಮಗಳು ಕಣ್ಣಿಗೆ ಕಟ್ಟಿದಳು.

ಕೊನೆಯ ದಿನ ಮಧ್ಯಾಹ್ನ ಮೂವರೂ ವಾರ್ಡ್ ಕಚೇರಿಗೆ ಹೋದರು. ಮಗಳನ್ನು ಕರೆತಂದವಳು ಅತ್ತೆ, ಕೈ ಬಿಡಲಿಲ್ಲ. ಮಗುವಿನ ವಿಷಯ ಬರೆದಿದ್ದ ಕಾಗದ ಅತ್ತೆಯ ಚೀಲದಲ್ಲಿತ್ತು. ಎರಡು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಸರದಿ ಬಂತು. ಗುಮಾಸ್ತ ಚೀಟಿಯನ್ನು ಎತ್ತಿ ಹಿಡಿದು ಅವಳ ಮುಖದ ಪಕ್ಕ ತಂದ.

"ಇದು ನೀವಲ್ಲ ಅನ್ನುತ್ತಲ್ಲಮ್ಮ ಯಂತ್ರ. ಯಜಮಾನರು ಯಾರು?"

"ನಾನು," ಅಂದಳು ಅತ್ತೆ.

"ಇವರು ನಿಮ್ಮ ಸೊಸೆನೇನಮ್ಮ? ಗ್ಯಾರಂಟಿ ತಾನೇ?"

ಅತ್ತೆ ಸೊಸೆಯ ಕಡೆ ತಿರುಗಿ, ಚೀಲದ ಮೇಲೆ ಕೈಯಿಟ್ಟು ಕೇಳಿದಳು: "ಹೇಳಲಾ?"

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಹಿಂದಿನವರು ಗೊಣಗತೊಡಗಿದರು. ಮಗಳು ಅಜ್ಜಿಯ ಕೈ ಹಿಡಿದೇ ಇನ್ನೊಂದು ಕೈಯಿಂದ ಅಮ್ಮನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಎರಡು ವರ್ಷ ಕದ್ದು ಕೂತ ಮಧ್ಯಾಹ್ನಗಳೆಲ್ಲ ಮೇಜಿನ ಮೇಲಿನ ಆ ಅರ್ಜಿಯಲ್ಲಿದ್ದವು, ಬೀದಿಗೆ ತೆರೆಯುವ ಕಿಟಕಿಯೂ ಅದರಲ್ಲೇ ಇತ್ತು...

"ಬೇಡ ಸಾರ್," ಅಂದಳು ಸೊಸೆ. "ಅರ್ಜಿ ವಾಪಸ್ ಕೊಡಿ."

"ಅಮ್ಮಾ, ನಾಳೆಯಿಂದ ಇದು ಸೊನ್ನೆ. ಗೊತ್ತು ತಾನೇ?"

"ಗೊತ್ತು ಸಾರ್."

ದಾರಿಯಲ್ಲಿ ಅತ್ತೆಯದು ಗೆದ್ದವಳ ನಡಿಗೆಯಲ್ಲ; ಎರಡು ಸಲ ಎಡವಿದಳು. ಔಷಧಿ ಅಂಗಡಿಯ ಎದುರು ಸೊಸೆ ತಲೆಯೆತ್ತಲಿಲ್ಲ. ಬಿಸಿಲು ಜೋರಾಗಿತ್ತು. ಅತ್ತೆ ಕೊಡೆ ಬಿಚ್ಚಿ ಮೊಮ್ಮಗಳ ತಲೆಯ ಮೇಲೆ ಹಿಡಿದಳು. ನಾಲ್ಕು ಹೆಜ್ಜೆ ಹೋದ ಮೇಲೆ ಅದನ್ನು ಸ್ವಲ್ಪ ಈಚೆಗೆ, ಸೊಸೆಯ ಕಡೆಗೂ ವಾಲಿಸಿದಳು. ಅರ್ಧ ಭುಜಕ್ಕೆ ನೆರಳು ಬಿತ್ತು. ಇನ್ನರ್ಧ ಸುಡುತ್ತಲೇ ಇತ್ತು.

ಸ್ಟುಡಿಯೋದಲ್ಲಿ ಸಾಲು ಕರಗಿತ್ತು. ನಾಳೆಯಿಂದ ಯಾರೂ ಬರುವುದಿಲ್ಲ. ಮೈದುನ ಕ್ಯಾಮರಾಕ್ಕೆ ಮುಚ್ಚಳ ಹಾಕುತ್ತಿದ್ದ.

"ಹಾಕ್ಬೇಡ," ಅಂದಳು ಸೊಸೆ. ಬಿಳಿ ಬಟ್ಟೆಯ ಮುಂದಿನ ಸ್ಟೂಲಿನ ಮೇಲೆ ಕೂತು ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. "ನಂದೊಂದು ತೆಗಿ. ಹೊಸ ಗುರುತಿನ ಚೀಟಿಗೆ."

"ಈಗ್ಯಾಕೆ ಅತ್ತಿಗೆ? ತಾರೀಖು ಮುಗೀತಲ್ಲ."

"ತೆಗಿಯಪ್ಪ."

ಗಲ್ಲಾದ ಹಿಂದೆ ಅತ್ತೆ ತಲೆಯೆತ್ತಿದಳು. ಅವಳಿಗೆ ಅರ್ಥವಾಯಿತು. ಎರಡು ತಿಂಗಳಾದ ಮೇಲೆ ಈ ಮುಖಕ್ಕೆ ಯಾರ ಸಹಿಯೂ ಬೇಕಾಗುವುದಿಲ್ಲ. ಮೊಮ್ಮಗಳನ್ನು ಒಮ್ಮೆ ನೋಡಿದಳು. ಆಮೇಲೆ ಗಲ್ಲಾಕ್ಕೆ ಬೀಗ ಹಾಕುತ್ತ, ಯಾರ ಮುಖವನ್ನೂ ನೋಡದೆ, "ಮನೆಯವಳ ಫೋಟೋಗೆ ದುಡ್ಡು ತಗೋಬೇಡ," ಅಂದಳು.

ಬೆಳಕು ಮಿಂಚಿತು.

ಹಿಂದಿನ ಕೋಣೆಯಲ್ಲಿ ಅವಳು ಆ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಎಡರೆಪ್ಪೆ ಜೋತುಬಿದ್ದಿತ್ತು. ಕೈ ತಾನಾಗಿಯೇ ಮೌಸಿನ ಮೇಲೆ ಹೋಗಿ ಬಲಗಣ್ಣಿನ ಸುತ್ತ ಗೆರೆ ಎಳೆಯಿತು. ಗಂಡ ಎಳೆದಿದ್ದ ಹಾಗೆಯೇ! ಅವನು ಕೊಟ್ಟುಹೋದ ಮುಖ ಹಳೆಯ ಚೀಟಿಯ ಜೊತೆ ಕಚೇರಿಯ ಬುಟ್ಟಿಗೆ ಸೇರುತ್ತದೆ. ಕಣ್ಣೀರು ಕೀಲಿಮಣೆಯ ಮೇಲೆ ಬಿತ್ತು; ಬಟ್ಟೆಯ ಅಂಚಿನಿಂದ ಒರೆಸಿದಳು, ನೀರು ಒಳಗಿಳಿದರೆ ಕೀಲಿ ಹಿಡಿಯುತ್ತದೆ. ಆಮೇಲೆ ಗೆರೆಯನ್ನು ಅಳಿಸಿ ಪ್ರಿಂಟ್ ಒತ್ತಿದಳು.

ಮಗಳು ಹೊರಬಂದ ಹಾಳೆಯನ್ನು ಎತ್ತಿಕೊಂಡು ನೋಡಿದಳು.

"ಅಮ್ಮಾ, ಇದ್ರಲ್ಲಿ ನೀನು ನಿನ್ನ ಥರಾನೇ ಇದೀಯ."

"ಬೆರಳು ಅಂಟಿಸ್ಬೇಡ, ಇನ್ನೂ ಒಣಗಿಲ್ಲ," ಎಂದು ಅವಳು ಕತ್ತರಿ ತೆಗೆದುಕೊಂಡಳು.