ಕೂತ ಲಾಕಿಗೆ ಮಸಿ

"ಮತ್ತೆ ಮೂಗಿಗೆ ಮಸಿ ಮಾಡ್ಕೊಂಡಿದೀಯಲ್ಲೋ ಮಾರಾಯ!"

ಒಳಗೆ ಬಂದವಳೇ ಹೆಸ್ಟರ್ ತನ್ನ ಕೋಟಿನ ತೋಳಿನಿಂದ ಆಲ್ಬನ್ನನ ಮೂಗು ಒರೆಸಿದಳು. ಪ್ರತಿ ಗುರುವಾರವೂ ಇದೇ ಮಾತು, ಇದೇ ಒರೆಸಾಟ. ಅವಳು ಬರುವ ಹೊತ್ತಿಗೆ ಸರಿಯಾಗಿ ಅವನು ಮಸಿಗೈಯಲ್ಲಿ ಮೂಗು ಮುಟ್ಟಿಕೊಳ್ಳುತ್ತಿದ್ದ ಎಂದರೆ ನಂಬಬೇಕು. ಐವತ್ತೆರಡರ ಗಂಡಸು!

ಬರ್ಮಿಂಗ್‌ಹ್ಯಾಮಿನ ಹಳೇ ಇಟ್ಟಿಗೆ ಬೀದಿಯಲ್ಲಿ ಆಲ್ಬನ್ ಇನ್ನೂರು ವರ್ಷ ಹಿಂದಿನ ನಮೂನೆಯ ದ್ವಂದ್ವಯುದ್ಧದ ಪಿಸ್ತೂಲುಗಳನ್ನು ಕೈಯಲ್ಲೇ ಮಾಡುತ್ತಿದ್ದ. ಮಾಡಿದರೆ ಜೋಡಿಯೇ, ಒಂಟಿ ಪಿಸ್ತೂಲನ್ನು ಯಾರೂ ಕೇಳುವುದಿಲ್ಲ. ಮರ, ಕಬ್ಬಿಣ ಅವನ ಪಾಲು. ಕಬ್ಬಿಣದ ಮೇಲಿನ ಹೂಬಳ್ಳಿ ಹೆಸ್ಟರಳದು.

ಈ ಜೋಡಿಯಲ್ಲಿ ಒಂದು ಮುಗಿದಿತ್ತು. ಎರಡನೆಯದರಲ್ಲಿ, ಚಕಮಕಿಯಿಂದ ಕಿಡಿ ಹೊಡೆಯುವ ಲಾಕ್ ಇನ್ನೂ ಮರದೊಳಗೆ ಸರಿಯಾಗಿ ಕೂತಿಲ್ಲವಂತೆ. ಲಾಕಿಗೆ ದೀಪದ ಮಸಿ ಹಿಡಿಸಿ ಮರದ ಗುಳಿಗೆ ಒತ್ತಬೇಕು, ಕಪ್ಪು ಹತ್ತಿದಲ್ಲಿ ಒಂದೆಳೆ ಹೆರೆಯಬೇಕು, ಮತ್ತೆ ಒತ್ತಬೇಕು. ಕಪ್ಪು ಎಲ್ಲ ಕಡೆ ಸಮನಾಗಿ ಹತ್ತಿದರೆ ಕೂತಿತು ಎಂದರ್ಥ. ಆಮೇಲಷ್ಟೇ ಹೆಸ್ಟರಳ ಉಳಿಗೆ ಕೆಲಸ.

"ಕೂತಿತಾ?"

"ಇನ್ನೊಂದು ವಾರ."

"ಶನಿವಾರ ಹೊರಡ್ತೀನಲ್ಲೋ ಆರ್ಕ್ನಿ ದ್ವೀಪಕ್ಕೆ, ಡಂಕನ್ ಜೊತೆ ಮದುವೆಗೆ. ಇನ್ನು ಅಲ್ಲೇ. ಇವತ್ತು ಕೊಟ್ರೆ ನಾಳೆನೇ ಕೆತ್ತಿ ಕಳಿಸ್ತೀನಿ. ಎಲ್ಲಿ, ನೋಡೋಣ."

ಅವನು ತಡೆಯುವ ಮೊದಲೇ ಅವಳು ಲಾಕಿಗೆ ಮಸಿ ಹಿಡಿಸಿ, ಒತ್ತಿ, ಮೆಲ್ಲಗೆ ಎತ್ತಿದಳು. ಗುಳಿಯ ತುಂಬ ಸಮನಾದ ಕಪ್ಪು. ಕಪ್ಪು ಹತ್ತದ ಒಂದು ಚುಕ್ಕೆಯೂ ಇರಲಿಲ್ಲ.

"ಯಾವಾಗ ಕೂತಿದ್ದು ಇದು?"

"ಏಪ್ರಿಲಲ್ಲಿ."

"ಈಗ ಜೂನು! ಕೂತ ಲಾಕಿಗೆ ಎರಡು ತಿಂಗಳು ಮಸಿ ಬಳೀತಾ ಇದ್ದೆಯಾ?"

"ಅದು ಮುಗಿಯೋವರೆಗೂ ನೀನು ಬರ್ತಿದ್ದೆಯಲ್ಲ." ಆಲ್ಬನ್ ನೆಲ ನೋಡಿದ. "ಹೋಗ್ಬೇಡ ಹೆಸ್ಟರ್. ನೀನಂದ್ರೆ ನನಗೆ ಪ್ರಾಣ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

"ಕ್ರಿಸ್‌ಮಸ್‌ನಲ್ಲಿ ಡಂಕನ್ ಮದುವೆ ಆಗ್ತೀಯಾ ಅಂತ ಕೇಳ್ದಾಗ ಅವನಿಗೆ ಉತ್ತರ ಕೊಡದೆ ಮೊದಲು ಇಲ್ಲಿಗೆ ಬಂದೆ. ನೀನೇನಂದೆ, ನೆನಪಿದೆಯಾ?"

"ಒಳ್ಳೇ ಮನುಷ್ಯ ಅಂದೆ."

"ಬೇಡ ಅಂತೀಯ ಅಂದ್ಕೊಂಡು ಬಂದಿದ್ದೆ ಕಣೋ. ಆರು ವರ್ಷದಿಂದ ನಿನ್ನ ಬಾಯಿಂದ ಈ ಮಾತು ಕೇಳೋಕೇ ಬರ್ತಿದ್ದೆ." ಅವಳು ಲಾಕನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. "ಅವನು ಒಳ್ಳೇ ಮನುಷ್ಯಾನೇ. ಅವನಿಗೆ ಮೋಸ ಮಾಡೋಕೆ ನನ್ನ ಕೈಲಾಗಲ್ಲ."

ಶುಕ್ರವಾರ ಸಂಜೆ ಲಾಕ್ ಬಂತು, ಅಂಚಿನ ತುಂಬ ಹೂಬಳ್ಳಿ. ಜೊತೆಗೆ ಚೀಟಿ ಇದೆಯೇನೋ ಎಂದು ಆಲ್ಬನ್ ಬಟ್ಟೆಯನ್ನು ಎರಡು ಸಲ ಕೊಡವಿದ.

ಮುಂದಿನ ಗುರುವಾರ ಅವನು ಹೊಸ ಜೋಡಿಯ ಲಾಕಿಗೆ ಮಸಿ ಹಿಡಿಸಿದ. ಅಭ್ಯಾಸಬಲ, ಕೈ ಮೂಗಿಗೆ ಹೋಯಿತು. ಅಂಗಡಿ ಮುಚ್ಚುವ ಐದು ಗಂಟೆಯವರೆಗೂ ಮೂಗಿನ ಮಸಿ ಹಾಗೇ ಇತ್ತು. ಆಮೇಲೆ ತನ್ನ ತೋಳಿನಿಂದಲೇ ಒರೆಸಿಕೊಂಡ.