ಕಿಟಕಿ ಇಲ್ಲದ ಕಿಟಕಿ ಸೀಟು

ಪುಂಡಲೀಕ ವಾರಗಟ್ಟಲೆ ತಲೆ ಕೆಡಿಸಿಕೊಂಡು ಆರಿಸಿದ ಕಿಟಕಿ ಸೀಟಿಗೆ ಕಿಟಕಿಯೇ ಇರಲಿಲ್ಲ.

ಹನ್ನೊಂದನೇ ಸಾಲು, ಎಡಗಡೆ. ಮುಂದಿನವರಿಗೆ ಕಿಟಕಿ ಇತ್ತು, ಹಿಂದಿನವರಿಗೂ ಇತ್ತು. ಇವರ ಪಾಲಿಗೆ ಮಾತ್ರ ಹಾಲಿನಂಥ ಬಿಳಿ ಗೋಡೆ. ವಿಮಾನ ಹೊಸ ಮಾದರಿಯದು, ಜನರನ್ನು ಹೊತ್ತು ಹಾರುವುದು ಇವತ್ತೇ ಮೊದಲು. ಆ ಗೋಡೆಯ ಒಳಗೆ ಗಾಳಿಯ ಕೊಳವೆ ಹಾಯಿಸಿದ್ದಾರೆ ಎಂಬ ಗುಟ್ಟು ಇನ್ನೂ ಯಾವ ವಿಮಾನದ ಹುಚ್ಚನಿಗೂ ತಿಳಿದಿರಲಿಲ್ಲ.

ಆ ಸೀಟಿನಲ್ಲಿ ಕುಳಿತ ದ್ರಾಕ್ಷಾಯಣಿ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ನೋಡಿದಳು. ಆಮೇಲೆ ಒಂದೇ ಹುಬ್ಬು ಮೇಲೆತ್ತಿ ಅವನ ಕಡೆ ತಿರುಗಿದಳು.

"ಲೈನ್‌ಮನ್ ಸಾಹೇಬ್ರ, ಹೊರಗ ಭಾಳ ಚಂದ ಕಾಣಾಕತ್ತೈತ್ರಿ."

"ತಪ್ಪಾತ್ರಿ ಮೇಡಮ್ಮ. ಸೀಟಿನ ನಕಾಶೆದಾಗ ಕಿಡಕಿ ಇತ್ರಿ, ದೇವರಾಣಿ."

"ಇರ್ಲಿ ಬಿಡ್ರಿ. ನನ್ನ ಸಲುವಾಗಿ ಆರಿಸೀರಿ, ಗ್ವಾಡಿ ಆದ್ರೂ ನಂದ." ಎಂದವಳೇ ಗೋಡೆಗೆ ಹೆಗಲು ತಾಗಿಸಿ ಕುಳಿತಳು. ಅವಳ ಜಡೆಯ ಅಬ್ಬಲಿ ಹೂವಿನ ಒಂದು ಎಸಳು ಅವನ ತೋಳಿನ ಮೇಲೆ ಬಿತ್ತು. ಅದನ್ನು ಕೊಡವುವ ಧೈರ್ಯ ಪುಂಡಲೀಕನಿಗೆ ಆಗಲಿಲ್ಲ.

ಇವರಿಬ್ಬರೂ ಎದುರುಬದುರಾದದ್ದು ಇವತ್ತೇ, ಗೋವಾದ ಏರ್‌ಪೋರ್ಟಿನಲ್ಲಿ. ಆದರೆ ಪರಿಚಯ ಹಳೆಯದು. ದ್ರಾಕ್ಷಾಯಣಿ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನ ಮಗಳು, ಜೊಯಿಡಾದ ಸರ್ಕಾರಿ ಕಚೇರಿಯಲ್ಲಿ ಕ್ಲರ್ಕು. ಸಂಜೆ ಮನೆಗೆ ಮರಳುವ ಬಸ್ಸಿಗೆ ಕಾದು ಕಾದು ಆಕೆಗೆ ಆಕಾಶ ನೋಡುವ ಚಟ ಹತ್ತಿತ್ತು. "ಜೊಯಿಡಾದಾಗ ಬಸ್ಸಿಂದ ಖಾತ್ರಿ ಇಲ್ರಿ, ವಿಮಾನ ಮಾತ್ರ ತಪ್ಪಂಗಿಲ್ಲ" ಎಂದು ವಿಮಾನಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಬರೆದಳು. ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಕರೆಂಟಿನ ಕಂಬ ಹತ್ತಿ ಕುಳಿತಿದ್ದ ಪುಂಡಲೀಕ ಉತ್ತರ ಕೊಟ್ಟ: "ಅದ ವಿಮಾನ ಈಗ ನನ್ನ ತಲಿಮ್ಯಾಲ ಐತ್ರಿ."

ಅಂದಿನಿಂದ ಗೋವಾದಿಂದ ಬೆಂಗಳೂರಿಗೆ ಹೋಗುವ ಸಂಜೆಯ ವಿಮಾನ ಇವರಿಬ್ಬರದಾಯಿತು. ಅದು ಜೊಯಿಡಾ ದಾಟಿದೊಡನೆ ಆಕೆ "ಕಳಿಸೇನಿ" ಎಂದು ಬರೆಯುವಳು. ಕಪ್ಪಿನ ಚಹಾ ಆರುವಷ್ಟರಲ್ಲಿ ಅದು ಇಂದೂರಿನ ಮೇಲೆ ಬರುವುದು. ಈತ "ಮುಟ್ಟಿತು" ಎನ್ನುವನು. ಮಾತು ಬೆಳೆದದ್ದು ಆಮೇಲೆ. ದಿನದ ಮಾತು ಬೇರೆ ಎಷ್ಟೇ ಇರಲಿ, ಆ ಎರಡು ಪದ ಬರದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಗಣೇಶ ಚೌತಿಯ ಮರುದಿನ ಆಕೆ ಬರೆದಿದ್ದಳು: "ಮನಿಯಾಗ ಗಂಡು ನೋಡಾಕತ್ತಾರ್ರಿ. ಏನ್ ಹೇಳ್ಲಿ?"

ಉತ್ತರ ಪುಂಡಲೀಕನ ಬಾಯಲ್ಲೇ ಇತ್ತು. ಆದರೆ ಅಂಥ ಮಾತನ್ನು ಫೋನಿನಲ್ಲಿ ಹೇಳುವುದೇ? ಹೊಸ ವಿಮಾನ ದಸರೆಗೆ ಹಾರಲಿದೆ ಎಂಬ ಸುದ್ದಿ ಅದೇ ವಾರ ಬಂದಿತ್ತು. ಇಬ್ಬರೂ ಅದರಲ್ಲಿ ಕುಳಿತು, ಅವಳ ಆಕಾಶ ಮುಗಿದು ತನ್ನ ಆಕಾಶ ಶುರುವಾಗುವ ಜಾಗದಲ್ಲಿ, ಎರಡೂ ಸೀಮೆ ಕೆಳಗೆ ಕಾಣುತ್ತಿರುವಾಗ ಕೇಳಬೇಕು ಎಂದು ಅವನು ಕನಸು ಕಟ್ಟಿದ. "ತಡೀರಿ, ಹೊಸಾ ವಿಮಾನ ಬರ್ಲಿ, ಅದರಾಗ ಕುಂತ ಮಾತಾಡೂಣು" ಎಂದು ಬರೆದ.

ದಸರೆಗೆ ಎಂದ ವಿಮಾನ ದೀಪಾವಳಿಗೆ ಹೋಯಿತು. ದೀಪಾವಳಿಗೆ ಎಂದದ್ದು ಡಿಸೆಂಬರಿಗೆ ಬಂತು. ಪುಂಡಲೀಕನ ಮಾತೂ ಅದರ ಹಿಂದೆಯೇ ಸರಿಯುತ್ತ ಬಂತು.

ಕೊನೆಗೆ ಇವತ್ತು ಆ ವಿಮಾನ ರನ್‌ವೇ ಕಡೆ ಹೊರಟಾಗ ಎರಡೂ ಬದಿಯಿಂದ ಬೆಂಕಿ ನಂದಿಸುವ ಗಾಡಿಗಳು ನೀರು ಚಿಮ್ಮಿಸಿದವು. ಹಿಂದಿನ ಸಾಲಿನ ಕಿಟಕಿಯಲ್ಲಿದ್ದ ಮುದುಕಿ ಚೀರಿದಳು.

"ಯವ್ವಾ! ವಿಮಾನಕ್ಕ ಬೆಂಕಿ ಹತ್ತೇತಿ!"

"ಬೆಂಕಿ ಅಲ್ಲಜ್ಜಿ," ಎಂದು ಪುಂಡಲೀಕ ಹಿಂದೆ ತಿರುಗಿದ. "ಹೊಸಾ ವಿಮಾನಕ್ಕ ಹಿಂಗ ಸ್ವಾಗತಾ ಮಾಡ್ತಾರ."

"ಲಗ್ನದಾಗ ಮದಿಮಗಳಿಗೆ ಸುರಗಿ ನೀರ ಹಾಕಿದಂಗ ಅನ್ನು," ಎಂದು ಮುದುಕಿ ಸಮಾಧಾನಗೊಂಡಳು. ಹೆಸರು ಗೋದುಬಾಯಿ. ಗೋವಾದ ಮಗಳ ಮನೆಯಿಂದ ಬೆಂಗಳೂರಿನ ಮೊಮ್ಮಗಳ ಬಾಣಂತನಕ್ಕೆ ಹೊರಟವಳು. "ನಿಮಗ ಕಿಡಕಿ ಇಲ್ಲಲ್ಲೋ ತಮ್ಮಾ. ಇರ್ಲಿ, ಗಂಡ ಹೆಂಡತಿ ಮಾರಿ ಮಾರಿ ನೋಡ್ಕೋತ ಕುಂಡ್ರಿ. ಕೆಳಗಿಂದು ನಾ ನೋಡಿ ಹೇಳ್ತೇನಿ."

ಅಲ್ಲ ಎನ್ನಲು ಇಬ್ಬರೂ ಬಾಯಿ ತೆರೆಯಲಿಲ್ಲ. ಪುಂಡಲೀಕನ ಕಿವಿ ಕೆಂಪಾಯಿತು. ದ್ರಾಕ್ಷಾಯಣಿ ಮಾತ್ರ ಮಡಿಲಿನ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದಳು.

ವಿಮಾನ ಮೇಲೇರಿತು. ಹೊಸ ಎಂಜಿನ್ನಿನ ಸದ್ದು ಎಷ್ಟು ಮೆತ್ತಗೆಂದರೆ, ಮುಂದಿನವರ ಪಿಸುಮಾತೂ ಕೇಳುತ್ತಿತ್ತು. ಬೇರೆ ದಿನವಾಗಿದ್ದರೆ ಇಬ್ಬರೂ ಅದರ ಬಗ್ಗೆಯೇ ಮಾತಾಡಿ ದಣಿಯುತ್ತಿದ್ದರು.

"ತಮ್ಮಾ, ಎಷ್ಟ ನೀರೋ! ಸಮುದ್ರ ನಮ್ಮ ಬೆನ್ನ ಹತ್ತಿ ಬಂತೇನ?"

"ಸಮುದ್ರ ಅಲ್ಲಜ್ಜಿ, ಸುಪಾ ಡ್ಯಾಮಿನ ನೀರು."

ದ್ರಾಕ್ಷಾಯಣಿ ಅಂಗೈಯನ್ನು ಬಿಳಿ ಗೋಡೆಯ ಮೇಲಿಟ್ಟಳು. "ಅಂದ್ರ ಇಲ್ಲೇ ನನ್ನ ಬಸ್‌ಸ್ಟ್ಯಾಂಡ್ ಐತ್ರಿ." ಆಮೇಲೆ ಸಿಗ್ನಲ್ ಇಲ್ಲದ ಫೋನು ತೆಗೆದು ಒಂದು ಪದ ಬರೆದು ಅವನ ಮುಂದೆ ಹಿಡಿದಳು. ಕಳಿಸೇನಿ.

ಪುಂಡಲೀಕ ಕಲಿತು ತಂದಿದ್ದ ಚಂದದ ಮಾತುಗಳೆಲ್ಲ ಆ ಕ್ಷಣ ಮರೆತುಹೋದವು.

"ದ್ರಾಕ್ಷಾಯಣಿ, ನನ್ನ ಲಗ್ನ ಆಗ್ತೀರೇನ್ರಿ?"

ಆಕೆ ಕಣ್ಣು ಮುಚ್ಚಿದಳು.

"ಈ ಮಾತ ದಸರಾದಾಗ ಯಾಕ ಹೇಳಲಿಲ್ರಿ?"

"ವಿಮಾನ ಮುಂದ ಹೋತಲ್ರಿ..."

"ವಿಮಾನ ಮುಂದ ಹೋಗ್ತೈತ್ರಿ. ನಮ್ಮಪ್ಪ ಹಿಡದ ಮುಹೂರ್ತ ಹೋಗಂಗಿಲ್ಲ." "ಹ್ವಾದ ಆಯಿತವಾರ ನಮ್ಮನಿಯಾಗ ನಿಶ್ಚಯದ ಸಕ್ರಿ ಹಂಚಿದ್ರು."

ಪುಂಡಲೀಕನಿಗೆ ವಿಮಾನ ಒಮ್ಮೆಲೇ ಕೆಳಗೆ ಕುಸಿದಂತಾಯಿತು. ಅದು ನೆಟ್ಟಗೇ ಹಾರುತ್ತಿತ್ತು.

"ನಾ ಉತ್ತರಾ ಕೊಟ್ಟಿದ್ದೆನಲ್ರಿ. ತಡೀರಿ ಅಂದಿದ್ದೆ."

"ಎಷ್ಟ ಸಲ ಓದೇನಿ ಅದನ್ನ! ಅದರಾಗ ವಿಮಾನ ಇತ್ತು. ನಾ ಎಲ್ಲಿದ್ದೆ ಹೇಳ್ರಿ?"

ಪುಂಡಲೀಕ ತೋಳಿನ ಮೇಲಿದ್ದ ಹೂವಿನ ಎಸಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

"ಹುಡುಗ ಹಳಿಯಾಳದಾಂವ," ಎಂದಳು. "ನೋಡಾಕ ಬಂದಾಗ ಅವಲಕ್ಕಿ ಇನ್ನೂ ಬಿಸಿ ಇತ್ತು, ಆಗ್ಲೇ ಕೇಳಿದಾ, ನಾ ನಿಮಗ ಪಸಂದ ಆಗೇನೇನ್ರಿ ಅಂತ. ಯಾರರ ನನ್ನ ನೆಟ್ಟಗ ಕೇಳಿದ್ದು ಅದ ಮೊದಲು."

"ಈಗ ಬಿಡಾಕ ಬರೂದಿಲ್ಲೇನ್ರಿ?"

"ಕೆಟ್ಟಾಂವ ಇದ್ದಿದ್ರ ಇವತ್ತ ಬಿಡ್ತಿದ್ದೆ."

"ಮತ್ತ ಯಾಕ ಬಂದ್ರಿ?"

ಆಕೆ ಅವನ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕುಚೇಷ್ಟೆ ಇರಲಿಲ್ಲ. "ಬರ್ತೇನಿ ಅಂತ ಮಾತ ಕೊಟ್ಟಿದ್ದೆ. ಮತ್ತ, ಒಮ್ಮೆರ ನಿನ್ನ ಮಗ್ಗಲ ಕುಂಡ್ರೂದಿತ್ತು."

ಆಕೆ ಅವನಿಗೆ 'ನೀ' ಅಂದದ್ದು ಅದೇ ಮೊದಲು.

"ಹೊಲ ಬಂದೂವು ತಮ್ಮಾ, ಚೌಕಾನ ಚೌಕಾನ," ಹಿಂದಿನಿಂದ ಗೋದುಬಾಯಿ ಹೇಳಿದಳು. "ನಡುವ ಒಂದ ಕೆರಿ ಹೊಳ್ಯಾಕತ್ತೇತಿ."

"ನಿನ್ನ ಸೀಮಿ ಬಂತು," ಎಂದಳು ದ್ರಾಕ್ಷಾಯಣಿ. "ನೀ ಮುಟ್ಟಿತು ಅನ್ನು."

ಆ ಪದ ಆಡುವ ಬದಲು ಪುಂಡಲೀಕ ಬಿಳಿ ಗೋಡೆಯನ್ನೇ ನೋಡುತ್ತ ಕುಳಿತ.

ಬೆಂಗಳೂರಿನಲ್ಲಿ ಇಳಿಯುವಾಗ ಹೊಸ ವಿಮಾನದ ಜೊತೆ ಫೋಟೋ ತೆಗೆಸಿಕೊಳ್ಳುವವರ ಗದ್ದಲ. ಇವರಿಬ್ಬರೂ ತೆಗೆಸಿಕೊಳ್ಳಲಿಲ್ಲ. ಹೊರಗೆ ಆಕೆಯ ಸೋದರತ್ತೆ ಕಾಯುತ್ತಿದ್ದಳು. ಮರುದಿನ ಲಗ್ನದ ಸೀರೆ ತೆಗೆದುಕೊಳ್ಳುವುದಿತ್ತು. ಬಾಗಿಲ ಬಳಿ ದ್ರಾಕ್ಷಾಯಣಿ ನಿಂತಳು.

"ಲಗ್ನ ಆಗೂತನಾ ಕಳಸ್ತೇನಿ. ಆಮ್ಯಾಲ ಕಾಯಬ್ಯಾಡ."

ಕೊಟ್ಟ ಮಾತಿಗೆ ತಪ್ಪುವವಳಲ್ಲ ಆಕೆ. ಊರಿಗೆ ಮರಳಿದ ಮೇಲೆ ಅರಿಷಿಣ ಹಚ್ಚುವ ದಿನದವರೆಗೂ ಸಂಜೆ ಆ ಒಂದು ಪದ ಬರುತ್ತಿತ್ತು. ಈತನೂ ಒಂದೇ ಪದ ಬರೆಯುತ್ತಿದ್ದ. ಬೇರೆ ಮಾತು ಇಬ್ಬರೂ ಆಡಲಿಲ್ಲ.

ಲಗ್ನದ ದಿನ ಪುಂಡಲೀಕ ಇಂದೂರಿನಾಚೆಯ ಕಂಬ ಹತ್ತಿದ್ದ. ದಾಂಡೇಲಿಯಲ್ಲಿ ಅಕ್ಷತೆ ಬಿದ್ದು ಬಹಳ ಹೊತ್ತಾಗಿತ್ತು. ಪಡುವಣದ ಕಡೆ ಸಣ್ಣಗೆ ಗುಡುಗಿದಂತಾಯಿತು. ಫೋನು ಸುಮ್ಮನಿತ್ತು. ಯಾರೂ ಕಳಿಸದೆಯೇ ವಿಮಾನ ಬಂತು. ಬಿಸಿಲಿಗೆ ಒಮ್ಮೆ ಹೊಳೆಯಿತು, ಹಿಂದೆ ಬಿಳಿಯ ಗೆರೆ ಎಳೆಯುತ್ತ ತಲೆಯ ಮೇಲೆ ಬಂದು ನಿಂತಂತೆ ಕಂಡಿತು.

ಕೆಳಗಿನಿಂದ ಜೊತೆಗಾರ ದ್ಯಾಮಪ್ಪ ಕೂಗಿದ. "ಕೆಲಸಾ ಮುಗೀತೇನಲೇ? ಲೈನ್ ಚಾಲೂ ಮಾಡಾಕ ಹೇಳ್ಲ್ಯಾ?"

"ತಡಿಯೋ, ಒಂದೀಟ."

"ಎಲ್ಲಾದಕೂ ತಡಿ ಅಂತೀಯಲ್ಲೋ ನಮ್ಮಪ್ಪಾ!"

ಪುಂಡಲೀಕ ಗೆರೆ ಅಳಿಯುವವರೆಗೂ ನೋಡಿ, ಕಂಬ ಇಳಿಯತೊಡಗಿದ.